ಕೊನೆಯ ಅಂಕಿ ಒಂದೋ ಏಳೋ: ಕಳುವಾದ ಕೋವಿ ವಾಪಸ್ ಬಂದ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ನಾನು ವಕೀಲಿ ಮಾಡುತ್ತೇನೆ. ಇದು ನಾನೇ ನಡೆಸಿದ ಕೇಸು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು, ಠಾಣೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕೋವಿ ಕಳೆದುಕೊಂಡವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಒಂದೇ ಮಾತು: "ಲೈಸೆನ್ಸ್ ಹೋಗುತ್ತಾ?" ಕೋವಿ ಯಾರ ಕೈ ಸೇರಿರಬಹುದು ಎಂಬ ಯೋಚನೆ ಬರುವುದು ಆಮೇಲೆ. ಈ ಪ್ರಕರಣವೂ ಆ ಹೆದರಿಕೆಯಿಂದಲೇ ಶುರುವಾಯಿತು.

ಹಿನ್ನೆಲೆ

ಅಡಿಕೆ, ಮೆಣಸು, ಸ್ವಲ್ಪ ಕಾಫಿ ಇರುವ ತೋಟ. ಮನೆ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ತಂದೆಯ ಕಾಲದ ಜೋಡಿ ನಳಿಗೆ ಕೋವಿ, ಹನ್ನೆರಡು ಬೋರಿನದು. ತಂದೆ ತೀರಿದ ಮೇಲೆ ಲೈಸೆನ್ಸು ಇವರ ಹೆಸರಿಗೆ ಬಂತು. ಹಂದಿ ಕಾಟ ಜಾಸ್ತಿಯಾದಾಗ ರಾತ್ರಿ ಗಾಳಿಯಲ್ಲಿ ಒಂದು ಈಡು ಹೊಡೆದು ಓಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಒಳಗೆ ಇಡುವುದು.

ಇಡುತ್ತಿದ್ದದ್ದು ಒಳಕೋಣೆಯ ಮರದ ಬೀರುವಿನಲ್ಲಿ. ಬೀರುವಿಗೆ ಬೀಗವಿತ್ತು. ಬೀಗದ ಕೈ ಮಾತ್ರ ದೇವರ ಗೂಡಿನ ಮೇಲೆ, ಊದಿನಕಡ್ಡಿ ಡಬ್ಬದ ಹಿಂದೆ. ಅದು ಅಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತು. ಮನೆಗೆ ಬಂದು ಹೋಗುವವರಿಗೂ ಗೊತ್ತಿತ್ತು ಎನ್ನುವುದು ಆಮೇಲೆ ತಿಳಿಯಿತು.

2024ರ ಲೋಕಸಭಾ ಚುನಾವಣೆಗೆ ಎಲ್ಲರಂತೆ ಇವರೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ತಂದರು. ಆಗಸ್ಟಿನಲ್ಲಿ, ಶ್ರಾವಣದ ಒಂದು ಗೃಹಪ್ರವೇಶಕ್ಕೆಂದು ಮನೆಮಂದಿಯೆಲ್ಲ ಎರಡು ದಿನ ಊರು ಬಿಟ್ಟಿದ್ದರು. ಬಂದು ನೋಡಿದರೆ ಹಿತ್ತಿಲ ಬಾಗಿಲ ಚಿಲಕ ತೆಗೆದಿತ್ತು. ಬೀರು ಮುರಿದಿರಲಿಲ್ಲ, ಬೀಗ ತೆಗೆದು ನೆಲಕ್ಕೆ ಇಟ್ಟಿದ್ದರು. ಪಕ್ಕದ ಪೆಟ್ಟಿಗೆಯ ಬೆಳ್ಳಿ ಪಾತ್ರೆ ಹಾಗೇ ಇದ್ದವು. ಕೋವಿ ಇರಲಿಲ್ಲ. ಅದಕ್ಕೆ ಹಾಕುವ ಹನ್ನೊಂದು ತೋಟೆಗಳೂ (ಕಾಡತೂಸು) ಇರಲಿಲ್ಲ. ಲೈಸೆನ್ಸ್ ಪುಸ್ತಕ ಮಾತ್ರ ಮೇಲಿನ ಅರೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಕೂತಿತ್ತು.

ಕಳೆದುಹೋದ ಮೂರು ದಿನ

ಅವತ್ತೇ ಠಾಣೆಗೆ ಹೋಗಿದ್ದರೆ ಈ ಬರಹ ಅರ್ಧದಷ್ಟೇ ಇರುತ್ತಿತ್ತು.

ಮೊದಲ ದಿನ ಹುಡುಕುವುದರಲ್ಲಿ ಕಳೆಯಿತು. ಅಟ್ಟ, ಕೊಟ್ಟಿಗೆ, ಅಡಿಕೆ ಸುಲಿಯುವ ಮನೆ, ಬಾವಿಯ ಸುತ್ತ. ಎರಡನೇ ದಿನ ನೆಂಟರೊಬ್ಬರ ಮಾತು ಕೇಳಿ ಅಂಜನ ನೋಡುವವರ ಹತ್ತಿರ ಹೋದರು. "ಮನೆಯಿಂದ ದಕ್ಷಿಣಕ್ಕೆ, ನೀರಿನ ಹತ್ತಿರ ಇದೆ" ಎಂದು ಅವರು ಹೇಳಿದ್ದಕ್ಕೆ ಹಳ್ಳದ ಉದ್ದಕ್ಕೂ ಹುಡುಕಿದರು. ಮೂರನೇ ದಿನ ಆದದ್ದು ಕೆಟ್ಟದ್ದು. ಯಜಮಾನರ ಮಗ ತೋಟದ ಕೆಲಸದವರು ಇರುವ ಲೈನ್ ಮನೆಗೆ ಹೋಗಿ, ಅಸ್ಸಾಂನಿಂದ ಕೆಲಸಕ್ಕೆ ಬಂದಿದ್ದ ಒಂದು ಕುಟುಂಬವನ್ನು ಹೊರಗೆ ನಿಲ್ಲಿಸಿ, ಅವರ ಪಾತ್ರೆ, ಬಟ್ಟೆ, ಮಗುವಿನ ಚಾಪೆಯವರೆಗೆ ಎಲ್ಲವನ್ನೂ ಅಂಗಳಕ್ಕೆ ತೆಗೆದು ನೋಡಿದ. ಏನೂ ಸಿಗಲಿಲ್ಲ. ಆ ರಾತ್ರಿಯೇ ಆ ಕುಟುಂಬ ಹೊರಟುಹೋಯಿತು. ಬಾಕಿ ಕೂಲಿಯನ್ನೂ ಕೇಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ, ಮಗ ಇಬ್ಬರೂ ನನ್ನ ಆಫೀಸಿಗೆ ಬಂದರು. ಯಾರೋ ಒಂದು ಉಪಾಯ ಹೇಳಿಕೊಟ್ಟಿದ್ದರು: ಹಂದಿ ಓಡಿಸಲು ಹೋದಾಗ ಕೋವಿ ಹಳ್ಳದಲ್ಲಿ ಬಿದ್ದುಹೋಯಿತು ಎಂದು ಬರೆದುಕೊಡಿ, ಕಳ್ಳತನ ಅಂದರೆ ಲೈಸೆನ್ಸ್ ತೆಗೆದುಬಿಡುತ್ತಾರೆ.

ನಾನು ಅದಕ್ಕೆ ಒಪ್ಪಲಿಲ್ಲ. ಕಾರಣವನ್ನು ಯಜಮಾನರಿಗೆ ಹೀಗೆ ಹೇಳಿದೆ: "ನಾಳೆ ಆ ಕೋವಿಯಿಂದ ಯಾರಾದರೂ ಸತ್ತರೆ, ಅದು ಹಳ್ಳದಲ್ಲಿದೆ ಅಂತ ನೀವು ಸಹಿ ಹಾಕಿದ ಕಾಗದ ಠಾಣೆಯಲ್ಲಿರುತ್ತೆ. ಆಗ ಉತ್ತರ ಹೇಳಬೇಕಾದವರು ನೀವೇ." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರೀರಿ ವಕೀಲ್ರೇ, ಇದ್ದದ್ದು ಇದ್ದ ಹಾಗೆ" ಎಂದರು.

ಕೋವಿಯೋ ತೋಟೆಯೋ ಕಳೆದರೆ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕು. ಇದು ಲೈಸೆನ್ಸಿನ ಷರತ್ತು, ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದಕ್ಕೇ ಬೇರೆ ಶಿಕ್ಷೆಯಿದೆ. ಲೈಸೆನ್ಸಿಗೆ ಹೆಚ್ಚು ಅಪಾಯ ಬರುವುದು ಕಳ್ಳತನದಿಂದ ಅಲ್ಲ, ಅದನ್ನು ಮುಚ್ಚಿಡುವುದರಿಂದ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ.

ದೂರು

ದೂರು ಬರೆಯುವಾಗ ಎರಡು ತೀರ್ಮಾನ ಮಾಡಿದೆವು. ಮೂರು ದಿನ ತಡವಾದದ್ದನ್ನು ಒಪ್ಪಿಕೊಂಡು, ಯಾಕೆ ತಡವಾಯಿತೆಂದು ನಾವೇ ಬರೆಯುವುದು. ಮತ್ತೆ, ಯಾರ ಮೇಲೂ ಅನುಮಾನ ಬರೆಯದಿರುವುದು. ಎರಡನೆಯದಕ್ಕೆ ಮಗ ಒಪ್ಪಲಿಲ್ಲ. "ರಾತ್ರೋರಾತ್ರಿ ಓಡಿಹೋದವರನ್ನ ಬಿಟ್ಟುಬಿಡೋದಾ?" ಎಂದ. ಅವರು ಹೋದದ್ದು ನೀನು ಮಾಡಿದ್ದರಿಂದ, ಕೋವಿ ಹೋದದ್ದು ಅದಕ್ಕಿಂತ ಮೂರು ದಿನ ಮುಂಚೆ ಎಂದು ಹೇಳಬೇಕಾಯಿತು. ಕಣ್ಣಾರೆ ಕಂಡದ್ದು ಏನು, ಕೋವಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ, ಬೀಗದ ಕೈ ಎಲ್ಲಿತ್ತು, ಜೂನ್ ನಂತರ ಮನೆಯೊಳಗೆ ಯಾರು ಯಾರು ಬಂದು ಹೋದರು, ಇಷ್ಟನ್ನೇ ಬರೆದೆವು. ಬಂದು ಹೋದವರ ಪಟ್ಟಿಯಲ್ಲಿ ಹದಿನಾಲ್ಕು ಜನರಿದ್ದರು. ಗ್ಯಾಸ್ ತರುವವನು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, ಪುರೋಹಿತರು, ಪಂಪ್‌ಸೆಟ್ ಮೋಟಾರ್ ರಿಪೇರಿಗೆ ಬಂದಿದ್ದ ಹುಡುಗ, ಸೊಸೆಯ ಅಣ್ಣ. ಒಬ್ಬರನ್ನೂ ಬಿಡಲಿಲ್ಲ, ಒಬ್ಬರನ್ನೂ ದೂರಲಿಲ್ಲ.

ಠಾಣೆಯಲ್ಲಿ ಮೊದಲು ಹಿಂಬರಹ (ಅರ್ಜಿ ಬಂದಿದೆ ಎಂಬ ಚೀಟಿ) ಕೊಟ್ಟು ಕಳಿಸಲು ನೋಡಿದರು. "ಮನೆಯಲ್ಲಿ ಇನ್ನೊಂದ್ಸಲ ಹುಡುಕಿ, ಆಮೇಲೆ ನೋಡೋಣ." ಹಿಂಬರಹ ತೆಗೆದುಕೊಂಡು ಬಂದರೆ ಕೇಸು ಅಲ್ಲೇ ಮಲಗುತ್ತದೆ. ಎಫ್‌ಐಆರ್ ಇಲ್ಲದೆ ಕೋವಿಯ ನಂಬರು ಬೇರೆ ಠಾಣೆಗಳಿಗೆ ಹೋಗುವುದಿಲ್ಲ, ನಾಳೆ ಸಿಕ್ಕರೂ ಅದು ನಮ್ಮದೆಂದು ಹೇಳಲು ಕಾಗದವಿರುವುದಿಲ್ಲ. ಜಗಳ ಮಾಡಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಇವತ್ತೇ ಕಳಿಸುತ್ತೇವೆ ಎಂದು ಸಮಾಧಾನವಾಗಿ ಹೇಳಿದೆ. ಮರುದಿನ ಎಫ್‌ಐಆರ್ ಆಯಿತು. ವಾಸದ ಮನೆಯಲ್ಲಿ ಕಳ್ಳತನ, ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ. ಅದರ ಪ್ರತಿಯನ್ನು ಅವತ್ತೇ ಲೈಸೆನ್ಸ್ ಕೊಡುವ ಡಿಸಿ ಆಫೀಸಿಗೂ ಕೊಟ್ಟೆವು. ಸ್ವೀಕೃತಿ ಪಡೆಯುವಾಗ ಯಜಮಾನರ ಕೈ ನಡುಗುತ್ತಿತ್ತು.

ರಸೀದಿಯಲ್ಲಿ ಸಿಕ್ಕಿದ್ದು

ಸೆಪ್ಟೆಂಬರ್ ನಡುವಿನಲ್ಲಿ ಡಿಸಿ ಆಫೀಸಿನಿಂದ ಕಾರಣ ಕೇಳಿ ನೋಟಿಸ್ ಬಂತು. ಕೋವಿಯನ್ನು ಭದ್ರವಾಗಿ ಇಟ್ಟಿರಲಿಲ್ಲ, ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು ಎಂದು. ಯಜಮಾನರು ಕುಸಿದುಹೋದರು. ನಿಜ ಹೇಳಬೇಕೆಂದರೆ ಕೇಸಿಗೆ ಜೀವ ಬಂದದ್ದೇ ಆ ನೋಟಿಸಿನಿಂದ.

ಉತ್ತರದಲ್ಲಿ ಒಂದು ಮಾತು ತೋರಿಸಬೇಕಿತ್ತು: ಈ ಮನುಷ್ಯ ಇಷ್ಟು ವರ್ಷ ಒಂದು ನಿಯಮವನ್ನೂ ತಪ್ಪಿಸಿದವರಲ್ಲ. ಅದಕ್ಕೆ ಹಳೆಯ ಕಾಗದಗಳನ್ನೆಲ್ಲ ತರಲು ಹೇಳಿದೆ. ಒಂದು ತಗಡಿನ ಟ್ರಂಕು ತಂದರು. ಅದರೊಳಗೆ ಬಾಳೆಪಟ್ಟೆ ದಾರದಲ್ಲಿ ಕಟ್ಟಿದ ರಸೀದಿಗಳ ಕಟ್ಟು. ಪ್ರತಿ ಚುನಾವಣೆಗೆ ಕೋವಿ ಒಪ್ಪಿಸಿದಾಗ ಠಾಣೆಯವರು ಕೊಟ್ಟದ್ದು. 2018, 2019, 2023, 2024. ಲೈಸೆನ್ಸ್ ಪುಸ್ತಕದ ಪಕ್ಕ ಅವುಗಳನ್ನು ಸಾಲಾಗಿ ಜೋಡಿಸುತ್ತಾ ಹೋದೆ. ಪುಸ್ತಕದಲ್ಲಿ ಕೋವಿಯ ನಂಬರು ಏಳರಲ್ಲಿ ಮುಗಿಯುತ್ತದೆ. ಮೂರು ರಸೀದಿಗಳಲ್ಲೂ ಏಳು. 2019ರ ರಸೀದಿಯಲ್ಲಿ ಮಾತ್ರ ಕೊನೆಯ ಅಂಕಿ ಒಂದು.

ಬರೆಯುವಾಗ ತಪ್ಪಿರಬೇಕು ಎಂದು ಬಿಟ್ಟುಬಿಡಬಹುದಿತ್ತು. ಯಜಮಾನರಿಗೆ ಆ ದಿನ ನೆನಪಿತ್ತು. "ಅವತ್ತು ಬರೆದ ಪೇದೆ ಪುಸ್ತಕ ನೋಡ್ಲಿಲ್ಲ. ಟಾರ್ಚ್ ಬಿಟ್ಟು ಕೋವಿ ಮೇಲಿಂದಾನೇ ಓದಿ ಬರ್ಕೊಂಡ. ಭಾರೀ ಹೊತ್ತು ಹಿಡೀತು, ನಂಗೆ ಬಸ್ಸು ತಪ್ಪಿತು." ಉಳಿದ ಮೂರು ಸಲ ಪುಸ್ತಕದಿಂದ ನಕಲು ಮಾಡಿದ್ದರು. ಅಂದರೆ ನಾಲ್ಕು ರಸೀದಿಯಲ್ಲಿ ಕೋವಿಯನ್ನು ನಿಜವಾಗಿ ನೋಡಿ ಬರೆದದ್ದು ಒಂದೇ.

ಜಿಲ್ಲಾ ಕೇಂದ್ರದಲ್ಲಿ ಒಬ್ಬ ಹಳೆಯ ಕೋವಿ ಅಂಗಡಿಯವರಿದ್ದಾರೆ. ಕೆಲವು ವರ್ಷದ ಹಿಂದೆ ಕೋವಿಯ ಕುದುರೆ (ತೋಟೆ ಸಿಡಿಸಲು ಬಡಿಯುವ ಭಾಗ) ಸರಿಯಾಗಿ ಬೀಳುವುದಿಲ್ಲ ಎಂದು ಇವರು ಅಲ್ಲಿಗೆ ರಿಪೇರಿಗೆ ಕೊಟ್ಟಿದ್ದರು. ಅಂಗಡಿಯವರು ರಿಜಿಸ್ಟರ್ ಇಡಲೇಬೇಕು, ಅದು ಕಾನೂನು. ತೆಗೆದು ನೋಡಿದರೆ ಅಲ್ಲೂ ಕೊನೆಗೆ ಒಂದು. ಹಳೆಯ ಲೈಸೆನ್ಸ್ ಪುಸ್ತಕ ತುಂಬಿ ಹೊಸದು ಕೊಟ್ಟಾಗ, ತಲೆಯ ಮೇಲೆ ಸಣ್ಣ ಗೀಟಿದ್ದ ಒಂದನ್ನು ಯಾರೋ ಏಳು ಎಂದು ಓದಿದ್ದರು. ಅಷ್ಟೇ. ನಮ್ಮ ಎಫ್‌ಐಆರ್, ಅದರ ಮೇಲೆ ಬೇರೆ ಠಾಣೆಗಳಿಗೆ ಹೋದ ಸಂದೇಶ, ಎಲ್ಲದರಲ್ಲೂ ಇಲ್ಲದ ಕೋವಿಯ ನಂಬರಿತ್ತು. ಒಂದು ತಿಂಗಳು ಪೊಲೀಸರು ಹುಡುಕಿದ್ದು ಬೇರೆ ಕೋವಿಯನ್ನು.

ಅಂಗಡಿಯ ಹಿರಿಯರು ಇನ್ನೊಂದು ಮಾತು ಹೇಳಿದರು. ತಮ್ಮಲ್ಲಿದ್ದ ಅದೇ ಬಗೆಯ ಒಂದು ಕೋವಿಯನ್ನು ಮಡಚಿ, ನಳಿಗೆಯ ಕೆಳಗಿನ ಮರದ ತುಂಡನ್ನು ಬೆರಳಲ್ಲಿ ಎಳೆದು ಬಿಚ್ಚಿದರು. ಟಕ್ ಎಂದು ಕೈಗೆ ಬಂತು. ಒಳಗಿನ ಕಬ್ಬಿಣದ ಪಟ್ಟಿಯ ಮೇಲೆ, ಎಣ್ಣೆ ಜಿಡ್ಡಿನಡಿ, ಅದೇ ನಂಬರು ಸಣ್ಣಗೆ ಹೊಡೆದಿತ್ತು. "ನಿಮ್ಮದರಲ್ಲೂ ಹೀಗೇ ಇದೆ. ಹೊರಗಿನದನ್ನ ಅರದಿಂದ ಉಜ್ಜಿ ತೆಗೀತಾರೆ. ಇದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿರಲ್ಲ" ಎಂದರು.

ಅಲ್ಲಿಂದ ನೇರ ಠಾಣೆಗೆ ಬಂದು ಯಜಮಾನರಿಂದ ಪುರವಣಿ ಹೇಳಿಕೆ, ಅಂದರೆ ಮೊದಲ ದೂರಿಗೆ ಸೇರಿಸುವ ಹೇಳಿಕೆ, ಕೊಡಿಸಿದೆ. ಸರಿಯಾದ ನಂಬರು, ಅದು ಕೋವಿಯ ಯಾವ ಯಾವ ಜಾಗದಲ್ಲಿದೆ, ಮರ ಬಿಚ್ಚಿ ನೋಡಬೇಕು ಎನ್ನುವುದು, ಜೊತೆಗೆ ಕೋವಿಯ ಹಿಂಬದಿಯ ಮರದ ಮೇಲಿನ ಹಿತ್ತಾಳೆ ಬಿಲ್ಲೆ, ಅದರ ಎರಡು ಸ್ಕ್ರೂ. ಹೊಸ ಸಂದೇಶವನ್ನು ಪೊಲೀಸ್ ಠಾಣೆಗಳಿಗೆ ಮಾತ್ರವಲ್ಲ, ಸುತ್ತಲಿನ ಅರಣ್ಯ ವಲಯಗಳಿಗೂ ಕಳಿಸಿ ಎಂದು ಕೇಳಿಕೊಂಡೆವು. ನಮ್ಮ ಕಡೆ ಕಳುವಾದ ಕೋವಿ ಹೋಗುವುದು ಹೆಚ್ಚಾಗಿ ರಾತ್ರಿ ಶಿಕಾರಿಗೆ ಅಲ್ವಾ? ಎಸ್‌ಐ ಒಪ್ಪಿದರು. ಮೊದಲ ದಿನ ಹಿಂಬರಹ ಕೊಡಲು ಬಂದವರೇ, ಆಮೇಲೆ ಮನಸ್ಸಿಟ್ಟು ಕೆಲಸ ಮಾಡಿದರು. ಅದನ್ನೂ ಹೇಳಬೇಕು.

ಎಂಟು ದಿನಕ್ಕೆ ಪಕ್ಕದ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಫೋನ್ ಬಂತು.

ಎರಡು ಕೇಸು, ಒಂದು ಕೋವಿ

ಕಳುವಾದ ಹನ್ನೊಂದನೇ ದಿನವೇ ಕೋವಿ ಸಿಕ್ಕಿತ್ತು. ರಾತ್ರಿ ಗಸ್ತಿನವರು, ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೋಗುತ್ತಿದ್ದ ಇಬ್ಬರನ್ನು ಸತ್ತ ಕಾಡುಕುರಿಯ ಸಮೇತ ತಡೆದಿದ್ದರು. ಒಬ್ಬ ಓಡಿಹೋದ, ಒಬ್ಬ ಸಿಕ್ಕಿಬಿದ್ದ. ಮಹಜರಿನಲ್ಲಿ ಕೋವಿಯ ಬಗ್ಗೆ ಬರೆದದ್ದು ಒಂದೇ ಸಾಲು: ನಂಬರು ಕಂಡುಬಂದಿರುವುದಿಲ್ಲ. ಹೊರಗಿನದನ್ನು ಉಜ್ಜಿ ತೆಗೆದಿದ್ದರು. ನಮ್ಮ ಪತ್ರ ಓದಿ, ಕೋರ್ಟಿನ ಅನುಮತಿ ಪಡೆದು, ಮರ ಬಿಚ್ಚಿ ನೋಡಿದಾಗ ಒಳಗೆ ನಂಬರಿತ್ತು. ಕೊನೆಗೆ ಒಂದು.

ಸಿಕ್ಕಿದ್ದವನನ್ನು ನಮ್ಮ ಠಾಣೆಯವರು ಬಾಡಿ ವಾರೆಂಟ್ (ಬೇರೆ ಕೇಸಿನಲ್ಲಿ ಬಂಧನದಲ್ಲಿರುವವನನ್ನು ಕರೆತರುವ ಕೋರ್ಟ್ ಆದೇಶ) ಮೇಲೆ ಕರೆದು ತಂದರು. ಹದಿನೆಂಟು ಸಾವಿರಕ್ಕೆ ಕೊಂಡದ್ದು ಎಂದ. ಮಾರಿದವನು ಹದಿನಾಲ್ಕು ಜನರ ಪಟ್ಟಿಯಲ್ಲಿದ್ದ ಮೋಟಾರ್ ರಿಪೇರಿ ಹುಡುಗ. ಜುಲೈನಲ್ಲಿ ಮೂರು ದಿನ ಮನೆಯಲ್ಲೇ ಊಟ ಮಾಡಿ ಕೆಲಸ ಮಾಡಿದ್ದ. ಅವತ್ತೊಂದು ರಾತ್ರಿ ಹಂದಿ ಬಂದಾಗ ಯಜಮಾನರು ದೇವರ ಗೂಡಿನ ಮೇಲಿಂದ ಬೀಗದ ಕೈ ತೆಗೆದದ್ದನ್ನು ಜಗಲಿಯಲ್ಲಿ ಮಲಗಿದ್ದವನು ನೋಡಿದ್ದ. ಅವನ ಕೋಣೆಯಲ್ಲಿ ನಾಲ್ಕು ತೋಟೆ ಸಿಕ್ಕವು. ಉಳಿದ ಏಳು ಇವತ್ತಿಗೂ ಸಿಕ್ಕಿಲ್ಲ.

ಆ ಸುದ್ದಿ ಬಂದ ದಿನ ಮಗ ನನ್ನೆದುರು ಕೂತು ಅತ್ತ. ಲೈನ್ ಮನೆಯವರ ಫೋನ್ ನಂಬರು ಹುಡುಕಿ, ಬಾಕಿ ಕೂಲಿ ಕಳಿಸಿ, ತಪ್ಪಾಯಿತು ಎಂದು ಹೇಳಿದ. ವಾಪಸ್ ಬನ್ನಿ ಎಂದೂ ಕರೆದ. ಅವರು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಈ ಪ್ರಕರಣದಲ್ಲಿ ಸರಿಪಡಿಸಲು ಆಗದೇ ಉಳಿದದ್ದು ಇದೇ.

ಸಿಕ್ಕಿದ ಮೇಲಿನ ಹನ್ನೆರಡು ತಿಂಗಳು

ಕೋವಿ ಸಿಕ್ಕಿತು ಅಂದರೆ ಕೈಗೆ ಬಂತು ಅಂತಲ್ಲ. ಅದು ಈಗ ಪಕ್ಕದ ತಾಲ್ಲೂಕಿನ ಕೋರ್ಟಿನಲ್ಲಿ ಅರಣ್ಯ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ಜಪ್ತಿಯಾದ ವಸ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 39ನೇ ಕಲಮಿನ ಪ್ರಕಾರ ಬೇಟೆಗೆ ಬಳಸಿ ಜಪ್ತಿಯಾದ ಆಯುಧ ಸರ್ಕಾರದ ಸೊತ್ತು. ಕೇಸು ಮುಗಿಯುವವರೆಗೆ ಕೋವಿ ನಮ್ಮ ಬಳಿ ಇರಲಿ ಎಂದು ನಾವು ಮಧ್ಯಂತರ ವಶಕ್ಕೆ ಅರ್ಜಿ ಹಾಕಿದಾಗ ಸರ್ಕಾರಿ ವಕೀಲರು ಇದನ್ನೇ ಹಿಡಿದರು. ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು. ವಿಧಿ ವಿಜ್ಞಾನ ಪ್ರಯೋಗಾಲಯದ ವರದಿ ಬಂದಿಲ್ಲ ಎನ್ನುವುದೂ ಒಂದು ಕಾರಣ.

ಆಗ ಮೇಲಿನ ಕೋರ್ಟಿಗೆ ಹೋಗೋಣ ಎಂದು ಮಗ ಅವಸರ ಮಾಡಿದ. ನಾನು ಬೇಡ ಎಂದೆ. ವರದಿಯಿಲ್ಲದೆ ಹೋದರೆ ಅಲ್ಲೂ ಅದೇ ಉತ್ತರ ಬರುತ್ತದೆ, ಆಮೇಲೆ ಕೆಳಗಿನ ಕೋರ್ಟಿನಲ್ಲಿ ಎರಡನೇ ಅರ್ಜಿಗೆ ಬಲವಿರುವುದಿಲ್ಲ. ಕಾಯುವುದೇ ಒಳ್ಳೆಯದು ಎಂದು ನನಗೆ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಮಾರ್ಚಿನಲ್ಲಿ ವರದಿ ಬಂತು. ಉಜ್ಜಿದ ಜಾಗಕ್ಕೆ ರಾಸಾಯನಿಕ ಹಚ್ಚಿ ನಂಬರನ್ನು ಮತ್ತೆ ಎಬ್ಬಿಸಿದ್ದರು. ನಂಬರು ಹೊಡೆಯುವಾಗ ಅಚ್ಚಿನ ಹೊಡೆತಕ್ಕೆ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದೆ, ಮೇಲಿನದನ್ನು ಉಜ್ಜಿದರೂ ಆ ಒತ್ತು ಉಳಿಯುತ್ತದೆ. ಒಳಗಿನ ನಂಬರು, ಹೊರಗೆ ಎಬ್ಬಿಸಿದ ನಂಬರು ಎರಡೂ ಒಂದೇ. ನಂಬರು ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದು ಎಂದು ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಹೊರೆ ಅವರದ್ದೇ. ಹಾಗಾಗಿ ಪೊಲೀಸರ ಕೇಸಿಗೂ ವರದಿ ದೊಡ್ಡ ಬಲ.

ನಮಗೆ ಮಾತ್ರ ಹೊಸ ತೊಡಕು ಬಂತು. ಲೈಸೆನ್ಸಿನಲ್ಲಿ ಏಳು ಇದೆ, ಕೋವಿಯಲ್ಲಿ ಒಂದು ಇದೆ. ಲೈಸೆನ್ಸಿಲ್ಲದ ಕೋವಿಯನ್ನು ಕೋರ್ಟು ಯಾರಿಗೂ ಕೊಡುವ ಹಾಗಿಲ್ಲ. ಲೈಸೆನ್ಸು ತಿದ್ದಿಕೊಡಿ ಎಂದರೆ ಡಿಸಿ ಆಫೀಸಿನವರು ಕೋವಿ ತಂದು ತೋರಿಸಿ ಎಂದರು. ಕೋವಿ ಕೋರ್ಟಿನಲ್ಲಿದೆ. ಮೂರು ತಿಂಗಳು ಇದರಲ್ಲೇ ಓಡಾಡಿದೆವು. ಕೊನೆಗೆ ಪ್ರಯೋಗಾಲಯದ ವರದಿಯ ದೃಢೀಕೃತ ಪ್ರತಿ, 2019ರ ರಸೀದಿಗೆ ಹೊಂದುವ ಠಾಣೆಯ ರಿಜಿಸ್ಟರ್ ಪುಟ, ಕೋವಿ ಅಂಗಡಿಯ ರಿಜಿಸ್ಟರ್ ಪುಟ, ಈ ಮೂರನ್ನು ಒಟ್ಟಿಗೆ ಕೊಟ್ಟ ಮೇಲೆ ತಿದ್ದಿದರು. ನೋಟಿಸನ್ನೂ ಎಚ್ಚರಿಕೆ ಕೊಟ್ಟು ಮುಗಿಸಿದರು. ಲೈಸೆನ್ಸ್ ಹೋಗಲಿಲ್ಲ. ತಾವಾಗಿಯೇ ಬಂದು ತಿಳಿಸಿದ್ದಾರೆ ಎಂಬ ಮಾತು ಆ ಆದೇಶದಲ್ಲಿದೆ.

ಎರಡನೇ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ಇಟ್ಟೆವು. ಜಪ್ತಿಯಾದ ವಸ್ತುಗಳನ್ನು ಸುಮ್ನೆ ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಫೋಟೋ, ಪಂಚನಾಮೆ, ಬಾಂಡ್ ಮಾಡಿಸಿ ಬೇಗ ಬಿಡುಗಡೆ ಮಾಡಬೇಕು ಎಂದ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ತೀರ್ಪು. ಮತ್ತೆ 2008ರ ಮಧುಕರ್ ರಾವ್ ತೀರ್ಪು. ಅದು ವಾಹನದ ವಿಷಯ, ಆದರೆ 39ನೇ ಕಲಮಿನ ಅರ್ಥವನ್ನೇ ಹೇಳುತ್ತದೆ: ಜಪ್ತಿಯಾದ ಮಾತ್ರಕ್ಕೆ ಸರ್ಕಾರದ ಸೊತ್ತಾಗುವುದಿಲ್ಲ, ಅಪರಾಧಕ್ಕೆ ಬಳಸಿದ್ದೆಂದು ಕೋರ್ಟು ತೀರ್ಮಾನಿಸುವವರೆಗೆ ಮ್ಯಾಜಿಸ್ಟ್ರೇಟರ ಬಿಡುಗಡೆಯ ಅಧಿಕಾರ ಉಳಿದಿರುತ್ತದೆ. ಕಳ್ಳ ಮಾಡಿದ ಬೇಟೆಗೆ ಕಳೆದುಕೊಂಡವನು ಕೋವಿ ತೆರಬೇಕೇ ಎಂದು ವಾದಿಸಿದೆ. ಅರ್ಜಿ ಮಂಜೂರಾಯಿತು. ಐವತ್ತು ಸಾವಿರದ ಬಾಂಡ್, ಮಾರಬಾರದು, ಏನನ್ನೂ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು. ಎರಡೂ ಕೇಸು ಇನ್ನೂ ನಡೆಯುತ್ತಿವೆ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡ ಆರೋಪಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಅದು ಬರುವುದಕ್ಕೇ ತುಂಬಾ ದಿನ ಹಿಡಿಯಿತು. ಕೊನೆಗೆ ಕೋವಿ ಯಾರದ್ದೆಂದು ತೀರ್ಮಾನವಾಗುವುದು ತೀರ್ಪಿನ ದಿನವೇ.

2025ರ ಅಕ್ಟೋಬರಿನಲ್ಲಿ ಕೋವಿ ತರಲು ಯಜಮಾನರ ಜೊತೆ ನಾನೂ ಹೋಗಿದ್ದೆ. ಮನೆಯಲ್ಲಿ ಅಷ್ಟರೊಳಗೆ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ ಬಂದಿತ್ತು. ಅದರ ಬೀಗದ ಕೈ ಅವರ ಉಡಿದಾರಕ್ಕೆ ಕಟ್ಟಿತ್ತು. ಮುದ್ದೆಮಾಲಿನ ಗುಮಾಸ್ತರು ಬಟ್ಟೆ ಬಿಚ್ಚಿ ಕೋವಿಯನ್ನು ಮೇಜಿನ ಮೇಲಿಟ್ಟರು. ಹಿಂಬದಿಯ ಮರಕ್ಕೆ ಸೈಕಲ್ ಟ್ಯೂಬ್ ಸುತ್ತಿತ್ತು. ಹಿತ್ತಾಳೆ ಬಿಲ್ಲೆ ಇರಲಿಲ್ಲ, ಎರಡು ಸ್ಕ್ರೂ ತೂತು ಮಾತ್ರ ಇದ್ದವು. ಯಜಮಾನರು ಆ ತೂತುಗಳ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಗುಮಾಸ್ತರು ರಸೀದಿ ಬರೆಯಲು ಲೈಸೆನ್ಸ್ ಪುಸ್ತಕ ಕೇಳಿದರು. ಇವರು ಕೊಡಲಿಲ್ಲ. ಕನ್ನಡಕ ಹಾಕಿಕೊಂಡು, ಮರದ ತುಂಡನ್ನು ಬಿಚ್ಚಿ, ಕೋವಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದರು.

"ಇದರಿಂದಾನೇ ಓದಿ ಬರ್ಕೊಳ್ಳಿ ಸಾರ್. ನಿಧಾನ ಆದರೂ ಪರವಾಗಿಲ್ಲ. ಕೊನೇದು ಒಂದು."